ಸುಮಿಯ ಪಾಲು

ಕಾಡಿನ ಮಾಂಸದಲ್ಲಿ ಯಾವುದು ಹೆಚ್ಚು ರುಚಿ ಎಂಬ ಮಾತನ್ನು ಕಾಮಿತಾನಿಯಲ್ಲಿ ಎತ್ತಬಾರದು. ಎತ್ತಿದರೆ ಅವತ್ತಿನ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಕ್ಯೂಶೂವಿನ ಬೆಟ್ಟಗಳ ನಡುವೆ, ಬಸ್ಸು ಹಿಂದಕ್ಕೆ ತಿರುಗುವ ಜಾಗಕ್ಕಿಂತಲೂ ಮೇಲಿರುವ ಈ ಹಳ್ಳಿಯಲ್ಲಿ ಬೇಟೆಗೆ ಹೋಗುವವರು ಉಳಿದಿರುವುದೇ ಐವರು ಮುದುಕರು. ಐವರಿಗೂ ಒಂದೊಂದು ಹಟ. ಅವರ ಯಜಮಾನ ಗೆಂಜೋ, ಹಂದಿ ಬಿಟ್ಟರೆ ಮಾಂಸವೇ ಇಲ್ಲ ಎನ್ನುತ್ತಾನೆ. ಅದೂ ಹೆಣ್ಣು ಹಂದಿ, ಅದೂ ಶೀ ಮರದ ಕಾಯಿ ಮೇದು ಕೊಬ್ಬಿದ ಡಿಸೆಂಬರಿನ ಹಂದಿ. ಗಿಡ್ಡ ಜಿನ್ಪಾಚಿಗೆ ಅನಗುಮಾದ ಹುಚ್ಚು. ಬಿಲ ತೋಡಿಕೊಂಡಿರುವ ಪುಟ್ಟ ಕರಡಿಯಂಥ ಆ ಪ್ರಾಣಿ ಉದುರಿದ ಕಾಕಿ ಹಣ್ಣು ತಿಂದು ತಿಂದು ನವೆಂಬರಿಗೆ ಉರುಳುವಷ್ಟು ದಪ್ಪವಾಗುತ್ತದೆ, ಅದರ ಕೊಬ್ಬು ಬಾಯಿಗಿಟ್ಟರೆ ಸಿಹಿ ಎಂದು ಅವನು ಕಣ್ಣು ಮುಚ್ಚಿಕೊಂಡೇ ಹೇಳುತ್ತಾನೆ. ಉಳಿದವರಲ್ಲಿ ಒಬ್ಬ ಉದ್ದ ಬಾಲದ ಕಾಡುಕೋಳಿಯ ಸಾರು ಎಂದರೆ ಇನ್ನೊಬ್ಬ ಮುಖ ಸಿಂಡರಿಸುತ್ತಾನೆ.

ಇವರೆಲ್ಲರ ಬಾಯಿ ಮುಚ್ಚಿಸಬಲ್ಲವಳು ಒಬ್ಬಳೇ, ತೊರಾಯೊ. ಬಂದೂಕು ಮುಟ್ಟಿದವಳಲ್ಲ, ಬೇಟೆಗೆ ಹೋದವಳಲ್ಲ. ಆದರೆ ಬೇಟೆಗಾರ ಕಮೆಜಿಯ ಹೆಂಡತಿಯಾಗಿ ಈ ಹಳ್ಳಿಗೆ ಬಂದಂದಿನಿಂದ ಅವಳ ಒಲೆಯ ಮೇಲೆ ಬೇಯದ ಕಾಡುಪ್ರಾಣಿಯಿಲ್ಲ. ಗುಡ್ಡದಾಚೆ ಇದ್ದಿಲು ಸುಡುವವನ ಮಗಳು. ತವರಿನಲ್ಲಿ ಮಾಂಸವೆಂದರೆ ಹಬ್ಬಕ್ಕೊಂದು ಚೂರು. ಇಲ್ಲಿ ಬಂದ ಮೊದಲ ಚಳಿಗಾಲದಲ್ಲೇ ಅತ್ತೆ ಅವಳ ಮುಂದೆ ಹಂದಿಯ ತೊಡೆಯಿಟ್ಟು, "ಇದನ್ನ ಕೆಡಿಸಿದ್ರೆ ಗುಡ್ಡ ಹತ್ತಿ ವಾಪಸ್ ಹೋಗು" ಎಂದಿದ್ದಳಂತೆ. ತೊರಾಯೊ ಕೆಡಿಸಲೂ ಇಲ್ಲ, ವಾಪಸ್ಸು ಹೋಗಲೂ ಇಲ್ಲ. ಬೆದೆಗೆ ಬಂದ ಗಂಡು ಹಂದಿಯ ನಾತ ಹೋಗಿಸಲು ಏನು ಹಾಕಬೇಕು, ಗೊಬೊ ಬೇರನ್ನು ಯಾವಾಗ ಹಾಕಬೇಕು, ಹುದುಗಿಸಿದ ಸೋಯಾದ ಮಿಸೊ ಯಾಕೆ ಕೊನೆಗೇ ಕಲಸಬೇಕು, ಎಲ್ಲವನ್ನೂ ಬೈಸಿಕೊಂಡು ಕಲಿತಳು. ಕಲಿತ ಮೇಲೆ ತಾನೇ ಬೈಯತೊಡಗಿದಳು. ಜಿಂಕೆಗೆ ರುಚಿಯಿಲ್ಲ ಎಂದು ಗಂಡಸರು ಮೂಗು ಮುರಿದರೆ, "ಜಿಂಕೆ ತಿನ್ನೋ ಕಾಲ ಬೇಸಿಗೆ. ನೀವು ಚಳೀಲಿ ಹೊಡ್ಕೊಂಡ್ ಬಂದು ಚಪ್ಪಲಿ ಥರ ಇದೆ ಅಂತೀರಾ. ತಪ್ಪು ಜಿಂಕೇದಾ?" ಎನ್ನುವಳು.

"ಹಾಗಾದ್ರೆ ನೀನೇ ಹೇಳು, ಎಲ್ಲಕ್ಕಿಂತ ರುಚಿ ಯಾವುದು?" ಎಂದು ಯಾರಾದರೂ ಕೇಳಿದರೆ ಅವಳದು ಒಂದೇ ಉತ್ತರ. "ಅದು ನನ್ ಮನೆಗೆ ಹೆಂಗ್ ಬಂತು ಅಂತ ಮೊದ್ಲು ಹೇಳಿ. ಆಮೇಲೆ ರುಚಿ ಹೇಳ್ತೀನಿ."

ಗಂಡಸರು ನಗುತ್ತಿದ್ದರು. ಆ ಮಾತು ಒಂದು ದಿನ ತಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆಂದು ಅವರಿಗೇನು ಗೊತ್ತು!

ಕಾಮಿತಾನಿಯಲ್ಲಿ ಹಂದಿ ಬಿದ್ದರೆ ಅದನ್ನು ಹೊಳೆದಂಡೆಗೆ ತಂದು, ರೋಮ ಸುಟ್ಟು, ಕೆರೆದು, ಚರ್ಮದ ಸಮೇತ ಕಡಿದು, ಸಮ ಸಮ ಗುಡ್ಡೆ ಹಾಕುತ್ತಾರೆ. ಗುಂಡು ಹೊಡೆದವನಿಗೂ ಒಂದೇ ಗುಡ್ಡೆ, ದಾರಿ ಕಾದು ಕೂತು ಶೀತ ಹಿಡಿಸಿಕೊಂಡವನಿಗೂ ಒಂದೇ ಗುಡ್ಡೆ. ಹಂದಿಯನ್ನು ತಡೆದು ನಿಲ್ಲಿಸಿದ ನಾಯಿಗೂ ಒಂದು ಗುಡ್ಡೆ. ಆ ಪಾಲು ನಾಯಿ ಸಾಕಿದ ಮನೆಗೆ ಹೋಗುತ್ತದೆ. ಯಾರಿಗೆ ಯಾವ ಗುಡ್ಡೆ ಎಂಬುದಕ್ಕೆ ಪ್ರತಿಯೊಬ್ಬರದೂ ಒಂದೊಂದು ಮರದ ಬಿಲ್ಲೆ. ಯಜಮಾನ ಟೋಪಿಯಲ್ಲಿ ಹಾಕಿ ಕುಲುಕಿ, ಮುಖ ಆಚೆ ತಿರುಗಿಸಿಕೊಂಡು ಒಂದೊಂದಾಗಿ ಇಡುತ್ತಾನೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದು. ಹಂದಿ ತಡೆದ ನಾಯಿಗೆ ಮೊದಲ ತುಂಡು ಹಾಕಬೇಕು. ಅದು ತಿಂದಾದ ಮೇಲೆಯೇ ಮನುಷ್ಯರು ಗುಡ್ಡೆ ಎತ್ತಬೇಕು. ನಾಯಿ ತಿನ್ನುವ ಮೊದಲೇ ಗುಡ್ಡೆ ಎತ್ತಿದರೆ ಬೆಟ್ಟದ ಅಮ್ಮ ಮುನಿಯುತ್ತಾಳೆ, ಮುಂದೆ ಕಾಡು ಏನೂ ಕೊಡುವುದಿಲ್ಲ. ಹೆಂಗಸರು ಆ ಜಾಗಕ್ಕೆ ಕಾಲಿಟ್ಟರೂ ಅವಳು ಮುನಿಯುತ್ತಾಳಂತೆ. ಈ ಎರಡನ್ನೂ ಗೆಂಜೋನಷ್ಟು ನಂಬಿದವರು ಇನ್ನೊಬ್ಬರಿಲ್ಲ.

ಕಮೆಜಿಯ ಕಪ್ಪು ಹೆಣ್ಣುನಾಯಿ ಸುಮಿ ಈಗ ಹಳ್ಳಿಯಲ್ಲಿ ಹಂದಿ ತಡೆಯಬಲ್ಲ ಒಂದೇ ನಾಯಿ. ಗೆಂಜೋನ ನಾಯಿಗಳು ಮುಪ್ಪಾಗಿ ಹೋದವು. ಬೇರೆಯವರು ಹೊಸದು ಸಾಕಲಿಲ್ಲ. ಸುಮಿಯ ಬಿಲ್ಲೆ ನೋಡಿದರೆ ಯಾರಿಗಾದರೂ ನಗು ಬರಬೇಕು. ಕಮೆಜಿ ಓಕ್ ಮರದ ಚಕ್ಕೆ ಕೆತ್ತಿ ಗುರುತು ಹಾಕುವ ಮೊದಲೇ ಮರಿಯಾಗಿದ್ದ ಸುಮಿ ಅದನ್ನು ಕಚ್ಚಿ ಜಗಿದು ಇಟ್ಟಿದ್ದಳು. "ಸರಿ ಬಿಡು, ನಿನ್ ಸಹಿ ನೀನೇ ಹಾಕ್ಕೊಂಡೆ" ಎಂದು ಕಮೆಜಿ ಆ ಹಲ್ಲಿನ ಗುರುತನ್ನೇ ಉಳಿಸಿದ.

ಹೋದ ವಸಂತದಲ್ಲಿ ಕಮೆಜಿ ತೀರಿಕೊಂಡ. ಹೊಲದ ಬದುವಿನಲ್ಲಿ ಕೂತವನು ಏಳಲಿಲ್ಲ. ತೊರಾಯೊ ಅತ್ತಳು, ಕಾರ್ಯ ಮುಗಿಸಿದಳು, ಮತ್ತೆ ಹೊಲಕ್ಕೆ ಹೋದಳು. ನವೆಂಬರಿನಲ್ಲಿ ಬೇಟೆಯ ಕಾಲ ಶುರುವಾಗುವ ಮುಂಚೆ ಐವರೂ ಗೆಂಜೋನ ಮನೆಯಲ್ಲಿ ಸೇರಿ ಶೋಚು ಕುಡಿದರು. ಮಾರನೆಯ ಬೆಳಿಗ್ಗೆ ಜಿನ್ಪಾಚಿ ಒಂದು ಚೀಲ ಹಿಡಿದುಕೊಂಡು ಅವಳ ಬಾಗಿಲಲ್ಲಿ ನಿಂತ. ಮುಖ ಎತ್ತಲಿಲ್ಲ.

"ಅತ್ತಿಗೆ, ಗೆಂಜೋ ಅಣ್ಣ ಕಳಿಸಿದಾನೆ. ಬೋನಿಗೆ ಬಿದ್ದ ಹಂದೀದು. ಬೆನ್ನಿನ ಮಾಂಸ. ಪಾಲಿಗಿಂತ ಜಾಸ್ತೀನೇ ಇದೆ."

"ಏನ್ ಹಬ್ಬ ಇವತ್ತು?"

"ಹಬ್ಬ ಏನಿಲ್ಲ. ಅದೂ... ಬೆಟ್ಟ ಹತ್ತೋ ಗಂಡಸಿಲ್ಲದ ಮನೆಗೆ ನಾಯಿ ಪಾಲು ಇಲ್ಲ ಅಂತ ಮಾತಾಯ್ತು. ಸುಮಿನ ನಾವ್ ಕರ್ಕೊಂಡ್ ಹೋಗ್ತೀವಿ, ನಾವೇ ನೋಡ್ಕೋತೀವಿ. ನಿನ್ನ ಹಂಗೇ ಬಿಡಲ್ಲ ಅತ್ತಿಗೆ. ಆಗಾಗ ಹಿಂಗೆ ಏನಾದ್ರೂ ಕಳಿಸ್ತಾನೇ ಇರ್ತೀವಿ ಅಂದ."

ತೊರಾಯೊ ಚೀಲ ಬಿಚ್ಚಿದಳು. ಎಂಥ ಮಾಂಸ! ಕೆಂಪಿನ ಮೇಲೆ ಬೆರಳು ದಪ್ಪದ ಬಿಳಿ ಕೊಬ್ಬು. ಯಾರ ಬಾಯಲ್ಲಾದರೂ ನೀರೂರಬೇಕು. ಅದರ ಪಕ್ಕದಲ್ಲೇ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೆಂಜೋನ ಬಳಿ ಇರುತ್ತಿದ್ದ ಸುಮಿಯ ಹಲ್ಲಿನ ಗುರುತಿನ ಬಿಲ್ಲೆ ಇತ್ತು. ಅದನ್ನು ಕಂಡದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಗಂಡ, ನಾಯಿ, ತಾನು ಮೂವರೂ ಸೇರಿ ಆ ದಂಡೆಯಲ್ಲಿ ಒಂದು ಜಾಗ ಗಳಿಸಿಕೊಂಡಿದ್ದೆವು ಎಂದು ಅವಳು ತಿಳಿದಿದ್ದಳು. ಒಬ್ಬ ಹೋದ, ಉಳಿದವರನ್ನು ಬಾಗಿಲಾಚೆ ನಿಲ್ಲಿಸಿ ಭಿಕ್ಷೆ ಹಾಕುತ್ತಾರೆ ಇವರು!

ಬಿಲ್ಲೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಚೀಲವನ್ನು ಜಿನ್ಪಾಚಿಯ ಕೈಗೇ ತುರುಕಿದಳು.

"ಇದನ್ನ ಗೆಂಜೋಗೆ ವಾಪಸ್ ಕೊಡು. ತೊರಾಯೊಗೆ ಇದು ರುಚಿ ಹತ್ತಲ್ಲ ಅಂತ ಹೇಳು."

"ತಿಂದೇ ನೋಡಿಲ್ವಲ್ಲ ಅತ್ತಿಗೆ!"

"ನೋಡೋದೇನು ಬೇಕಾಗಿಲ್ಲ. ಹೆಂಗ್ ಬಂತು ಅಂತ ನೀನೇ ಹೇಳ್ದೆಯಲ್ಲ."

ಜಿನ್ಪಾಚಿ ಒಳ್ಳೆಯವನು, ಬೆನ್ನುಮೂಳೆ ಸ್ವಲ್ಪ ಮೆತ್ತಗೆ ಅಷ್ಟೆ. ಹೋಗುವಾಗ ಅತ್ತಿತ್ತ ನೋಡಿ ಪಿಸುಗುಟ್ಟಿದ: "ಸುಮಿನ ಕಳಿಸ್ಲೇಬೇಡ. ನಾಯಿ ಇಲ್ದೆ ನಾವೇನ್ ಹೊಡೀತೀವಿ, ಸೊಳ್ಳೆನಾ? ನಾಲ್ಕ್ ದಿನದಲ್ಲಿ ದಾರಿಗ್ ಬರ್ತಾರೆ."

"ಯಾಕ್ ಕಳಿಸ್ಬಾರ್ದು? ಬೆಟ್ಟ ಏನ್ ಗೆಂಜೋನ ಮಾವನ ಮನೇದಾ? ಸುಮಿಗೆ ಅಲ್ಲಿ ಹಕ್ಕಿದೆ. ಹೋಗ್ಲಿ, ದುಡೀಲಿ. ದುಡಿದ್ ಮೇಲೆ ಕೇಳೋಣ."

ಡಿಸೆಂಬರಿನ ಒಂದು ಬೆಳಿಗ್ಗೆ ಗೆಂಜೋ ತಾನೇ ನಾಯಿಗಾಗಿ ಬಂದ. ಎತ್ತರದ ಆಳು, ಹಣೆಯಲ್ಲಿ ಯಾವಾಗಲೂ ಗಂಟು. ಆಲೂಗೆಡ್ಡೆ ಹೊಲ ಅಗೆದುಹಾಕಿದ ದೊಡ್ಡ ಹಂದಿಯ ಹೆಜ್ಜೆ ಸಿಕ್ಕಿದೆಯೆಂದ. ವಾಪಸ್ಸು ಬಂದ ಮಾಂಸದ ಮಾತನ್ನು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ತೊರಾಯೊ ಸುಮಿಯ ಕೊರಳಿಗೆ ಗಂಟೆ ಕಟ್ಟಿ, ಕಿವಿ ಹಿಂಡಿ ಬಿಟ್ಟಳು.

"ಗೆಂಜೋ ಅಣ್ಣ, ಇವಳ ಪಾಲು?"

"ಅದು ತೀರ್ಮಾನ ಆಗಿದೆಯಲ್ಲ ತೊರಾಯೊ. ಬೆಟ್ಟ ಹತ್ತದವರಿಗೆ ಪಾಲಿಲ್ಲ. ನಾನ್ ಮಾಡಿದ್ದಲ್ಲ, ಹಿರಿಯರ ಕಟ್ಟಳೆ."

"ಹಿರಿಯರ ಕಟ್ಟಳೆ ಪೂರ್ತಿ ನೆನಪಿದೆಯಾ ನಿಂಗೆ?"

"ನಂಗ್ ನೆನಪಿಲ್ದೆ ಇನ್ಯಾರಿಗಿರುತ್ತೆ!"

"ಸರಿ ಹಾಗಾದ್ರೆ" ಎಂದಷ್ಟೇ ಹೇಳಿ ತೊರಾಯೊ ಒಳಗೆ ಹೋದಳು.

ಅವನಿಗೆ ಕಟ್ಟಳೆ ನೆನಪಿತ್ತು. ಸುಮಿ ನೆನಪಿರಲಿಲ್ಲ. ಅವಳು ಮರಿಯಾಗಿದ್ದಾಗ ಒಮ್ಮೆ ಯಾರೋ ನರಿಗಿಟ್ಟ ವಿಷ ತಿಂದು ಸಾಯುವ ಹಾಗಾಗಿದ್ದಳು. ಅಂದಿನಿಂದ ಕಮೆಜಿ ಪಟ್ಟು ಹಿಡಿದು ಕಲಿಸಿದ: ಮುಂದೆ ಏನೇ ಬಿದ್ದಿರಲಿ, ಮನೆಯವರು "ಯೋಶಿ", ಅಂದರೆ ಸರಿ, ಅನ್ನದೆ ಬಾಯಿ ಹಾಕಬಾರದು. ದಂಡೆಯಲ್ಲಿ ಮೊದಲ ತುಂಡು ಹಾಕಿದಾಗಲೂ ಅವನು ಗಡ್ಡದೊಳಗೇ ಆ ಮಾತು ಗೊಣಗುತ್ತಿದ್ದ, ಸುಮಿ ತಿನ್ನುತ್ತಿದ್ದಳು. ಎಷ್ಟು ಮೆಲ್ಲಗೆಂದರೆ ಪಕ್ಕದಲ್ಲಿದ್ದವರು ಕೇಳಿಸಿಕೊಂಡರೂ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಈಗ ಆ ಮಾತು ಹೇಳಬಲ್ಲ ಮನೆಯವಳು ತೊರಾಯೊ ಒಬ್ಬಳೇ. ಇದನ್ನು ಗೆಂಜೋಗೆ ಮೊದಲೇ ಹೇಳಬಹುದಿತ್ತಲ್ಲ ಅಂತೀರಾ? ಯಾಕೆ ಹೇಳಬೇಕು? ಅವನು ಕೇಳಿದನೇ?

ಮಧ್ಯಾಹ್ನ ಬೆಟ್ಟದ ಮೇಲೆ ಗಂಟೆಯ ಸದ್ದು, ಸುಮಿಯ ಬೊಗಳಾಟ, ಆಮೇಲೆ ಎರಡು ಗುಂಡು. ತೊರಾಯೊ ಅಂಗಳದಲ್ಲಿ ಮೂಲಂಗಿ ತೊಳೆಯುತ್ತ ಕಿವಿಗೊಟ್ಟಳು. ಗುಂಡಿನ ನಂತರ ಸುಮಿ ಮತ್ತೊಮ್ಮೆ ಬೊಗಳಿದ್ದು ಕೇಳಿತು. ಜೀವಂತವಿದ್ದಾಳೆ. ಎದೆ ಹಗುರಾಯಿತು. ಮೂಲಂಗಿ ತೊಳೆದು ಮುಗಿಸಿದಳು, ಗೊಬೊ ಕೆರೆದಳು, ದೊಡ್ಡ ಪಾತ್ರೆ ಇಳಿಸಿ ಉಜ್ಜಿದಳು. ಪಾಲು ಬಂದೇ ಬರುತ್ತದೆ ಅನ್ನುವವರ ಹಾಗೆ ಎಲ್ಲವನ್ನೂ ಅಣಿಮಾಡಿ, ಬಿಲ್ಲೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಳು.

ಬಿಸಿಲು ಗುಡ್ಡದ ನೆತ್ತಿಗೆ ಹೋಗುವ ಹೊತ್ತಿಗೆ ಜಿನ್ಪಾಚಿ ಏದುಸಿರು ಬಿಡುತ್ತ ಬಂದ. ಟೋಪಿ ಎಲ್ಲೋ ಬಿದ್ದುಹೋಗಿತ್ತು.

"ಅತ್ತಿಗೆ, ಬಾ! ಬೇಗ ಬಾ! ನಿನ್ ನಾಯಿ ತಿಂತಿಲ್ಲ!"

"ಯಾಕಂತೆ? ಉಪ್ಪು ಕಮ್ಮಿನಾ?"

"ತಮಾಷೆ ಬೇಡ ಅತ್ತಿಗೆ. ಗುಲ್ಮದ ತುಂಡು ಮುಂದೆ ಹಾಕಿದೀವಿ. ಜೊಲ್ಲು ನೆಲ ಮುಟ್ತಿದೆ, ಬಾಯಿ ಮಾತ್ರ ಹಾಕಲ್ಲ. ಗದರಿಸಿದ್ವಿ, ಮುದ್ದು ಮಾಡಿದ್ವಿ. ಗೆಂಜೋ ಅಣ್ಣ ತಾನೇ ನೆಲದ ಮೇಲೆ ಕೂತು 'ತಿನ್ನು ತಾಯಿ' ಅಂತ ಅಂಗಲಾಚಿದ. ಅವನ್ ಹೆಂಡ್ತಿಗೂ ಹಂಗೆ ಯಾವತ್ತೂ ಅಂದೋನಲ್ಲ. ನಾಯಿ ಕ್ಯಾರೇ ಅನ್ಲಿಲ್ಲ. ಅದು ತಿನ್ನೋ ತನಕ ಗುಡ್ಡೆ ಎತ್ತೋ ಹಾಗಿಲ್ಲ. ಐದು ಜನ ಕೈ ಹಿಸುಕ್ಕೊಂಡು ನಿಂತಿದೀವಿ, ಚಳಿಗೆ ಮಾಂಸ ಕಲ್ಲಾಗ್ತಿದೆ." ಜಿನ್ಪಾಚಿ ಮೂಗು ಒರೆಸಿಕೊಂಡ. "ಕಮೆಜಿ ಏನೋ ಅಂತಿದ್ದ ಅಂತ ನಂಗ್ ನೆನಪಾಯ್ತು. ಅವನ್ ಧ್ವನಿ ಮಾಡ್ಕೊಂಡು ಯೋಶಿ ಅಂದೆ. ಸುಮಿ ತಟ್ಟಂತ ಎದ್ದು ನಿಂತ್ಕೊಂಡ್ಳು. ನನ್ ಕಡೆ ನೋಡ್ಲಿಲ್ಲ ಅತ್ತಿಗೆ. ಕಾಡಿನ ಕಡೆ ನೋಡಿದ್ಳು. ಸುಮಾರು ಹೊತ್ತು ನೋಡಿದ್ಳು. ಆಮೇಲೆ ಕೂತ್ಕೊಂಡ್ಳು."

ತೊರಾಯೊ ಮುಖ ತಿರುಗಿಸಿಕೊಂಡಳು. ಗಂಡ ಹೋದಾಗ ಬಂದದ್ದಕ್ಕಿಂತ ಜೋರಾಗಿ ಅಳು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ಆ ಮೂಕಪ್ರಾಣಿಯನ್ನು ದುಡಿಸಿಕೊಂಡು, ಪಾಲು ನುಂಗಿ, ಸತ್ತವನ ಧ್ವನಿಯಲ್ಲಿ ಕರೆಯುವುದೊಂದು ಬಾಕಿ ಇತ್ತೇ?

"ಇನ್ನೊಂದ್ ಸಲ ಹಂಗೆ ಮಾಡಿದ್ರೆ ನಿನ್ ನಾಲಿಗೇನ ಮಿಸೊ ಹಾಕಿ ಬೇಯಿಸ್ತೀನಿ ಜಿನ್ಪಾಚಿ."

"ಇಲ್ಲ ಅತ್ತಿಗೆ, ನಂಗೂ ಕರುಳು ಚುರುಕ್ ಅಂತು."

"ಹೆಂಗಸರು ಅಲ್ಲಿಗ್ ಬರ್ಬಾರ್ದಲ್ಲ?"

"ಗೆಂಜೋ ಅಣ್ಣ ಅದಕ್ಕೂ ಉಪಾಯ ಮಾಡಿದಾನೆ. ನೀನು ಸೇತುವೆ ಮೇಲೇ ನಿಂತು ಕೂಗ್ಬೇಕಂತೆ."

ತೊರಾಯೊ ಎದ್ದಳು. ತಲೆಗೆ ಬಿಳಿ ಬಟ್ಟೆ ಬಿಗಿದು ಕಟ್ಟಿದಳು. ಮಾಂಸ ತರಲೆಂದು ಕಮೆಜಿ ಒಯ್ಯುತ್ತಿದ್ದ ಬಿದಿರು ಬುಟ್ಟಿಯನ್ನು ಬೆನ್ನಿಗೇರಿಸಿದಳು. ಅದನ್ನು ಕಂಡು ಜಿನ್ಪಾಚಿ ಏನೋ ಹೇಳಲು ಬಾಯಿ ತೆರೆದ, ನಾಲಿಗೆಯ ನೆನಪಾಗಿ ಮುಚ್ಚಿದ.

ಹೊಳೆದಂಡೆಯಲ್ಲಿ ನೀಲಿ ಟಾರ್ಪಾಲಿನ ಮೇಲೆ ಗುಡ್ಡೆಗಳು. ಸುಟ್ಟ ರೋಮದ ವಾಸನೆ. ಒಂದು ಬದಿಗೆ ಸುಮಿ ಕೂತಿದ್ದಳು, ಮುಂಗಾಲಿನ ಮೇಲೆ ಹಂದಿಯ ಕೋರೆ ಗೀರಿದ ಗಾಯ, ಮುಂದೆ ಗುಲ್ಮದ ತುಂಡು. ತೊರಾಯೊ ಸೇತುವೆಯ ತುದಿಗೆ ಬಂದದ್ದೇ ಅವಳ ಬಾಲ ನೆಲ ಗುಡಿಸತೊಡಗಿತು. ಆದರೂ ಕೂತಲ್ಲಿಂದ ಅಲ್ಲಾಡಲಿಲ್ಲ.

"ಅಲ್ಲೇ ನಿಲ್ಲು!" ಗೆಂಜೋ ಕೈ ಎತ್ತಿ ಕೂಗಿದ. "ಅಲ್ಲಿಂದ್ಲೇ ಹೇಳು."

"ಎಷ್ಟು ಗುಡ್ಡೆ ಹಾಕಿದೀಯ?"

"ಐದು."

"ಆರನೇದೆಲ್ಲಿ?"

"ತೊರಾಯೊ, ಹೊತ್ತು ಮುಳುಗ್ತಿದೆ. ಮೊದ್ಲು ನಾಯಿಗೆ ಹೇಳು, ಆಮೇಲೆ ಮಾತಾಡೋಣ. ನಿಂಗೆ ಬೇಕಾದ್ರೆ ನನ್ ಗುಡ್ಡೇಲಿ ಅರ್ಧ ಕೊಡ್ತೀನಿ."

"ನಿನ್ ಅರ್ಧ ನಂಗ್ಯಾಕೆ? ನಾನೇನು ಕೈ ಚಾಚ್ಕೊಂಡ್ ಬಂದಿದೀನಾ? ಸುಮಿ ಹಂದಿ ತಡೆದ್ಳೋ ಇಲ್ವೋ, ಅಷ್ಟು ಹೇಳು."

ಗೆಂಜೋ ಹೊಳೆಯ ಕಡೆ ತಿರುಗಿದ. ಉಳಿದವರು ನೆಲ ನೋಡಿದರು.

"ತಡೆದ್ಳು ಅತ್ತಿಗೆ" ಎಂದ ಹಿಂದಿನಿಂದ ಜಿನ್ಪಾಚಿ. ತನ್ನ ಧೈರ್ಯಕ್ಕೆ ತಾನೇ ಬೆದರಿದ. "ಗುಂಡು ತಾಗೋ ತನಕ ಒಂದೇ ಒಂದ್ ಹೆಜ್ಜೆ ಬಿಟ್ಕೊಡ್ಲಿಲ್ಲ."

"ಕೇಳಿಸ್ತಾ ಗೆಂಜೋ ಅಣ್ಣ? ತಡೆದ ನಾಯಿಗೆ ಪಾಲು. ಅದೂ ಹಿರಿಯರದೇ ಕಟ್ಟಳೆ. ನಿಂಗ್ ಬೇಕಾದ್ ಅರ್ಧ ನೆನಪಿಟ್ಕೊಂಡು, ಬೇಡದ್ ಅರ್ಧ ಹೊಳೆಗ್ ಎಸೆದ್ರೆ ಹೆಂಗೆ?" ಎನ್ನುತ್ತಲೇ ಅವಳು ಸೇತುವೆ ದಾಟಿ ಇಳಿದಳು.

"ಬರ್ಬೇಡ! ಬೆಟ್ಟದಮ್ಮ ಮುನೀತಾಳೆ!"

"ಮುನೀಲಿ. ಅವಳೂ ಹೆಂಗಸೇ, ನಾನೂ ಹೆಂಗಸೇ, ನಾವ್ ನಾವು ಮಾತಾಡ್ಕೋತೀವಿ. ನಡುವೆ ನಿಂದೇನು?"

ಯಾರೋ ಒಬ್ಬರು ಕಿಸಕ್ಕನೆ ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ತೊರಾಯೊ ನೆಟ್ಟಗೆ ಟಾರ್ಪಾಲಿನ ಹತ್ತಿರ ಬಂದು, ಬುಟ್ಟಿ ಇಳಿಸಿ, ಮಡಿಲಿಂದ ಬಿಲ್ಲೆ ತೆಗೆದು ಗೆಂಜೋನ ಮುಂದೆ ಹಿಡಿದಳು. ಇಂಥ ಜಾಗಕ್ಕೆ ಕಾಲಿಟ್ಟರೆ ಮುನಿಸಿಕೊಳ್ಳುವವಳೊಬ್ಬಳಿದ್ದಾಳೆ ಎಂದು ಅವಳನ್ನೂ ಸಣ್ಣವಳಿದ್ದಾಗಿನಿಂದ ಹೆದರಿಸಿಯೇ ಬೆಳೆಸಿದ್ದರು. ಆದರೆ ಕೈ ಹಿಂದಕ್ಕೆ ಹೋಗಲಿಲ್ಲ.

"ಇದನ್ನ ಟೋಪೀಲಿ ಹಾಕು. ಗುಡ್ಡೆ ಬಿಚ್ಚಿ ಆರು ಮಾಡು. ಆಮೇಲೆ ಸುಮಿ ತಿಂತಾಳೆ. ಇಲ್ಲಾಂದ್ರೆ ನಾವಿಬ್ರೂ ಇಲ್ಲೇ ಕೂತ್ಕೋತೀವಿ. ನಮ್ಗೇನೂ ಅವಸರ ಇಲ್ಲ."

ಗೆಂಜೋ ಅವಳನ್ನು ನೋಡಿದ. ನಾಯಿಯನ್ನು ನೋಡಿದ. ಕಟ್ಟಳೆ ಮುರಿದು ಗುಡ್ಡೆ ಎತ್ತಿಕೊಂಡು ಹೋಗುವ ಜಾಯಮಾನ ಅವನದಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಣೆಯ ಗಂಟು ಬಿಗಿಯಾಯಿತು, ಹಲ್ಲು ಕಡಿದ. ಕೊನೆಗೆ ಬಗ್ಗಿ, ತನ್ನ ಕೈಯಾರೆ ಹಾಕಿದ್ದ ಗುಡ್ಡೆಗಳನ್ನು ತಾನೇ ಕೆಡವಿದ. ಉಳಿದವರೂ ಬಗ್ಗಿದರು. ಒಂದೊಂದರಿಂದ ಒಂದಿಷ್ಟು ತೆಗೆದು, ಆರನೆಯ ಗುಡ್ಡೆ ಎದ್ದಿತು. ಹಲ್ಲಿನ ಗುರುತಿನ ಬಿಲ್ಲೆ ಟೋಪಿಗೆ ಬಿತ್ತು.

ಬಿಲ್ಲೆ ಇಟ್ಟಾಗ ಗೆಂಜೋಗೆ ಬೆನ್ನಿನ ಮಾಂಸ ಹೆಚ್ಚಿದ್ದ ಗುಡ್ಡೆ ಬಂತು. ಸುಮಿಯದು ಬಿದ್ದದ್ದು ಕತ್ತಿನ ಮಾಂಸದ ಮೇಲೆ. ನಾರು, ಮೂಳೆ, ಮೇಲೊಂದು ಮೊಣಕಾಲು. ನೋಡಿದವರಿಗೇ ಕಸಿವಿಸಿಯಾಯಿತು.

"ನನ್ ಗುಡ್ಡೆ ತಗೋ" ಎಂದ ಗೆಂಜೋ. ಈ ಸಲ ಧ್ವನಿಯಲ್ಲಿ ಗತ್ತಿರಲಿಲ್ಲ. "ಅದರಲ್ಲೇನಿದೆ ತಿನ್ನೋಕೆ? ಬದಲಾಯಿಸ್ಕೋ."

"ಬಿದ್ದದ್ದು ನಮ್ದು. ಬದಲಾಯಿಸ್ಕೊಂಡ್ರೆ ಅದು ಮತ್ತೆ ನೀನ್ ಕೊಟ್ಟಿದ್ದಾಗುತ್ತೆ."

ಆಮೇಲೆ ಅವಳು ಸುಮಿಯ ಪಕ್ಕ ಕೂತಳು. ಗಾಯದ ಕಾಲನ್ನು ಎತ್ತಿ ನೋಡಿ ಮೆಲ್ಲಗೆ ಇಳಿಸಿದಳು. ಕಮೆಜಿಯ ಹಾಗೆ ಗೊಣಗಲಿಲ್ಲ. ಐವರಿಗೂ, ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ ಹೇಳಿದಳು.

"ಯೋಶಿ!"

ಸುಮಿ ತುಂಡನ್ನು ಒಂದೇ ಗುಕ್ಕಿಗೆ ನುಂಗಿದಳು.

ಮಾರನೆಯ ದಿನವಿಡೀ ಕತ್ತಿನ ಮಾಂಸ ಸಣ್ಣ ಉರಿಯಲ್ಲಿ ಬೆಂದಿತು. ನಾರು ಕರಗಿತು, ಮೂಳೆಯ ಸತ್ವ ಇಳಿಯಿತು, ಮೂಲಂಗಿ ಅದನ್ನೆಲ್ಲ ಕುಡಿದು ಕಂದುಬಣ್ಣಕ್ಕೆ ತಿರುಗಿತು. ಸಂಜೆಗೆ ಮಿಸೊ ಕಲಸುವ ಹೊತ್ತಿಗೆ ವಾಸನೆ ಇಡೀ ಹಳ್ಳಿಗೆ ಹರಡಿತ್ತು. ಗೆಂಜೋ ಬಂದ. ನಾಯಿಯ ಗಾಯಕ್ಕೆ ಮುಲಾಮು ತಂದಿದ್ದೇನೆ ಎಂದ. ಮುಲಾಮು ತಂದಿದ್ದ, ಸುಳ್ಳಲ್ಲ. ಆದರೆ ಮೂಗು ಮಾತ್ರ ಒಲೆಯ ಕಡೆಗಿತ್ತು.

"ಕೂತ್ಕೋ" ಎಂದು ತೊರಾಯೊ ಬಟ್ಟಲು ತುಂಬಿ ಮುಂದಿಟ್ಟಳು. "ಇದು ನಾನ್ ಕೊಡ್ತಿರೋದು. ನೆನಪಿಟ್ಕೋ."

ಗೆಂಜೋ ಊದಿ ಊದಿ ತಿಂದ. ತಳದ ರಸವನ್ನೂ ಎತ್ತಿ ಕುಡಿದ.

"ಈಗ ಹೇಳು. ನಿನ್ ಬೆನ್ನಿನ ಮಾಂಸ ರುಚಿನೋ, ಇದೋ?"

ಗೆಂಜೋ ಖಾಲಿ ಬಟ್ಟಲನ್ನು ಮುಂದೆ ಚಾಚಿದ.

"ಇನ್ನೊಂದ್ ಸೌಟು ಹಾಕು."

ತೊರಾಯೊ ಸೌಟು ಎತ್ತಲಿಲ್ಲ. ಒಲೆಯ ಪಕ್ಕ ಗಾಯದ ಕಾಲು ಚಾಚಿ ಮಲಗಿದ್ದ ಸುಮಿಯ ಕಡೆ ಗಲ್ಲದಲ್ಲೇ ಸನ್ನೆ ಮಾಡಿದಳು.

"ಅದು ಅವಳ ಪಾಲು. ಅವಳನ್ನೇ ಕೇಳು."